ಇಟಾಲಿಯನ್ ಭಾಷೆಯ ಅಂಶಾರ್ಥಕ ಪ್ರಯೋಗ: ಅದರ ಹುಟ್ಟು ಮತ್ತು ಅದರ ಮೇಲೆ ಬಂದ ಆಪಾದನೆ

ಎಷ್ಟೆಂದು ಗೊತ್ತುಮಾಡದೆ ಒಂದು ಪದಾರ್ಥದ ಹೆಸರನ್ನು ಹೇಳುವ ಸಂದರ್ಭಗಳು ಮನುಷ್ಯನ ದಿನನಿತ್ಯದ ಮಾತಿನಲ್ಲಿ ಲೆಕ್ಕವಿಲ್ಲದಷ್ಟು ಬರುತ್ತವೆ. ನೀರು ಕುಡಿದೆ, ಅಕ್ಕಿ ತಂದೆ, ಜನ ಬಂದಿದ್ದರು ಎನ್ನುವಾಗ ಎಷ್ಟು ನೀರು, ಎಷ್ಟು ಅಕ್ಕಿ, ಎಷ್ಟು ಮಂದಿ ಎಂಬುದನ್ನು ನಾವು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇರುವುದಿಲ್ಲ. ಕನ್ನಡವು ಇಂಥ ಸ್ಥಳದಲ್ಲಿ ಮೌನವನ್ನು ಅವಲಂಬಿಸುತ್ತದೆ. ‘ನೀರು ಕುಡಿದೆ’ ಎಂದರೆ ಒಂದಷ್ಟು ನೀರು ಎಂದೇ ಅರ್ಥ. ‘ನೀರನ್ನು ಕುಡಿದೆ’ ಎಂದೊಡನೆ, ಲೋಟದಲ್ಲಿದ್ದ ಆ ನೀರು ಎಂಬುದರ ಕಡೆಗೆ ಮಾತು ವಾಲುತ್ತದೆ. ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಬಿಟ್ಟುಬಿಡುವುದೇ ನಮ್ಮ ಭಾಷೆಯಲ್ಲಿ ಪರಿಮಾಣವನ್ನು ಅನಿರ್ದಿಷ್ಟವಾಗಿ ಬಿಡುವ ಒಂದು ಉಪಾಯವಾಗಿದೆ.

ಇಟಾಲಿಯನ್ ಭಾಷೆ ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದಿದೆ. ಅಲ್ಲಿ ಏನನ್ನೂ ಬಿಡುವುದಿಲ್ಲ. ಎರಡು ಶಬ್ದಗಳನ್ನು ಕೂಡಿಸುತ್ತಾರೆ. ‘ಪಾನೆ’ ಎಂದರೆ ರೊಟ್ಟಿ, ‘ದೆಲ್ ಪಾನೆ’ ಎಂದರೆ ಒಂದಷ್ಟು ರೊಟ್ಟಿ. ಈ ‘ದೆಲ್’ ಎಂಬುದನ್ನು ಬಿಡಿಸಿ ನೋಡಿದರೆ ‘ದಿ’ ಮತ್ತು ‘ಇಲ್’ ಎಂಬ ಎರಡು ಪದಗಳು ದೊರೆಯುತ್ತವೆ. ‘ದಿ’ ಎಂಬುದು ನಮ್ಮ ಷಷ್ಠಿಯ ‘ಅ’, ಪಂಚಮಿಯ ‘ಇಂದ’ ಎಂಬ ಪ್ರತ್ಯಯಗಳ ಕೆಲಸವನ್ನು ಮಾಡುವ, ಆದರೆ ನಾಮಪದದ ಮುಂದೆಯೇ ನಿಲ್ಲುವ ಒಂದು ಅವ್ಯಯ. ‘ಇಲ್’ ಎಂಬುದು ಕೇಳುವವನಿಗೆ ಗೊತ್ತಿರುವ ವಸ್ತುವನ್ನು ನಿರ್ದೇಶಿಸುವ ಉಪಪದ. ಸುಮಾರಾಗಿ ನಮ್ಮ ‘ಆ’ ಎಂಬಂತೆ. ಆದಕಾರಣ ‘ದೆಲ್ ಪಾನೆ’ ಎಂಬುದರ ಅಕ್ಷರಾರ್ಥ ‘ಆ ರೊಟ್ಟಿಯ’ ಅಥವಾ ‘ಆ ರೊಟ್ಟಿಯಿಂದ’ ಎಂದಾಗುತ್ತದೆ. ನಿರ್ದಿಷ್ಟತೆಯನ್ನು ಸಾರುವುದಕ್ಕಾಗಿಯೇ ಹುಟ್ಟಿದ ಒಂದು ಪದವು ಅನಿರ್ದಿಷ್ಟ ಪರಿಮಾಣದ ಚಿಹ್ನೆಯ ಒಳಗೆ ಸೇರಿ ಕುಳಿತಿದೆ! ಇದು ಹೇಗಾಯಿತು, ಮತ್ತು ಹೀಗಾದುದನ್ನು ಆ ನಾಡಿನ ಶುದ್ಧಿವಾದಿಗಳು ಏಕೆ ಪರಕೀಯವೆಂದು ದೂರಿದರು ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ರೂಪಗಳು. ನಾಮಪದದ ಲಿಂಗ, ವಚನ, ಆದ್ಯಕ್ಷರಗಳನ್ನು ಅನುಸರಿಸಿ ಇದು ಏಳು ವೇಷಗಳನ್ನು ತಾಳುತ್ತದೆ: ದೆಲ್, ದೆಲ್ಲೊ, ದೆಲ್ಲಾ, ಸ್ವರದ ಮುಂದೆ ದೆಲ್ಲ್, ಬಹುವಚನದಲ್ಲಿ ದೇಯಿ, ದೇಲ್ಯಿ, ದೆಲ್ಲೆ. ‘ದೆಲ್ಲಾ ಕಾರ್ನೆ’ ಒಂದಷ್ಟು ಮಾಂಸ, ‘ದೆಲ್ಲಾಕ್ವಾ’ ಒಂದಷ್ಟು ನೀರು, ‘ದೆಲ್ಲೊ ತ್ಸುಕ್ಕೆರೊ’ ಒಂದಷ್ಟು ಸಕ್ಕರೆ. (ಈ ‘ತ್ಸುಕ್ಕೆರೊ’ ಅರಬ್ಬೀ ‘ಸುಕ್ಕರ್’ ಎಂಬುದರ ಮೂಲಕ ಸಂಸ್ಕೃತದ ‘ಶರ್ಕರಾ’ ಶಬ್ದದಿಂದಲೇ ಬಂದುದು, ನಮ್ಮ ‘ಸಕ್ಕರೆ’ಗೆ ದೂರದ ಜ್ಞಾತಿ.) ‘ದೇಯಿ ಲಿಬ್ರಿ’ ಕೆಲವು ಪುಸ್ತಕಗಳು, ‘ದೇಲ್ಯಿ ಅಮೀಚಿ’ ಕೆಲವರು ಗೆಳೆಯರು, ‘ದೆಲ್ಲೆ ಕಾಸೆ’ ಕೆಲವು ಮನೆಗಳು. ಅಳೆಯುವ ಪದಾರ್ಥಗಳಿಗೆ ಏಕವಚನ, ಎಣಿಸುವ ವಸ್ತುಗಳಿಗೆ ಬಹುವಚನ.

ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಆದರೆ ಶಿಷ್ಟ ಲ್ಯಾಟಿನ್ನಿನಲ್ಲಿ ಇಂಥ ಉಪಪದವೇ ಇರಲಿಲ್ಲ. ‘ಪಾನೆಮ್’ ಎಂಬ ದ್ವಿತೀಯಾಂತ ಪದವು ರೊಟ್ಟಿ, ಆ ರೊಟ್ಟಿ, ಒಂದು ರೊಟ್ಟಿ, ಒಂದಷ್ಟು ರೊಟ್ಟಿ ಎಂಬ ಎಲ್ಲ ಅರ್ಥಗಳಿಗೂ ಒದಗುತ್ತಿತ್ತು. ಪರಿಮಾಣವನ್ನು ಸ್ಪಷ್ಟಪಡಿಸಬೇಕಾದಾಗ ಪರಿಮಾಣವಾಚಕದ ಜೊತೆಗೆ ಷಷ್ಠೀ ವಿಭಕ್ತಿ ಬರುತ್ತಿತ್ತು: ‘ಮುಲ್ತುಮ್ ವೀನಿ’ ಎಂದರೆ ‘ದ್ರಾಕ್ಷಾರಸದ ಬಹುಭಾಗ’, ಎಂದರೆ ಬಹಳ ದ್ರಾಕ್ಷಾರಸ. ಒಂದು ಗುಂಪಿನಿಂದ ಕೆಲವರನ್ನು ಆರಿಸಿ ಹೇಳುವಾಗ ಷಷ್ಠಿಗೆ ಬದಲಾಗಿ ‘ದೆ’ ಎಂಬ ಅವ್ಯಯವನ್ನು ಬಳಸುವುದೂ ಉಂಟು. ‘ಮೇಲಿನಿಂದ ಕೆಳಕ್ಕೆ’, ‘ಒಂದರಿಂದ ಬೇರೆಯಾಗಿ’ ಎಂಬುದು ಅದರ ಮೂಲಾರ್ಥ. ಸಂಸ್ಕೃತವನ್ನು ಬಲ್ಲ ವಾಚಕರಿಗೆ ಇದು ಹೊಸದಾಗಿ ತೋರಲಾರದು. ಸಮುದಾಯದಿಂದ ಒಂದನ್ನು ಬೇರ್ಪಡಿಸಿ ಹೇಳುವ ನಿರ್ಧಾರಣದಲ್ಲಿ ಷಷ್ಠಿಯೂ ಸಪ್ತಮಿಯೂ ಬರುವುವೆಂದು ಪಾಣಿನಿಯು ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ವಿಧಿಸಿದ್ದಾನೆ. ಕನ್ನಡದ ‘ಅವರಲ್ಲಿ ಒಬ್ಬ’, ‘ಹಣ್ಣುಗಳಲ್ಲಿ ಕೆಲವು’ ಎಂಬ ಸಪ್ತಮಿಯೂ ಇದೇ ಬಗೆಯದು.

ಕಾಲಕ್ರಮದಲ್ಲಿ ಆಡುಮಾತಿನ ಲ್ಯಾಟಿನ್ನಿನ ವಿಭಕ್ತಿಗಳು ಸವೆದವು. ಪದಾಂತದ ಮಕಾರವು ಉಚ್ಚಾರದಿಂದ ಬಹು ಹಿಂದೆಯೇ ಜಾರಿಹೋಗಿತ್ತು. ಅಂತ್ಯಸ್ವರಗಳ ಹ್ರಸ್ವದೀರ್ಘ ಭೇದವೂ ಅಳಿಯಿತು. ಷಷ್ಠಿಯ ಹೊಣೆ ‘ದೆ’ ಎಂಬ ಅವ್ಯಯದ ಹೆಗಲಿಗೇರಿತು. ಇತ್ತ ‘ಇಲ್ಲೆ’ ಎಂಬ ದೂರವಾಚಕ ಸರ್ವನಾಮವು ತನ್ನ ‘ಅದೋ ಅಲ್ಲಿ’ ಎಂಬ ಕಸುವನ್ನು ಕಳೆದುಕೊಂಡು ಉಪಪದವಾಗಿ ಪರಿಣಮಿಸಿತು. ‘ದೆ’ ಮತ್ತು ‘ಇಲ್ಲೆ’ ಕೂಡಿ ‘ದೆಲ್’ ಆಯಿತು. ಬೈಬಲ್ಲನ್ನು ಗ್ರೀಕ್ ಮತ್ತು ಹೀಬ್ರೂ ಭಾಷೆಗಳಿಂದ ಲ್ಯಾಟಿನ್ನಿಗೆ ತಂದವರು, ಮೂಲದಲ್ಲಿ ತಿನ್ನುವ ಕುಡಿಯುವ ಕ್ರಿಯಾಪದಗಳ ಜೊತೆಗಿದ್ದ ‘ಅದರಿಂದ’ ಎಂಬರ್ಥದ ಅವ್ಯಯಗಳನ್ನು ‘ದೆ’ ಎಂದು ಅನುವಾದಿಸಿದ್ದರಿಂದ ಆ ಪ್ರಯೋಗಕ್ಕೆ ಪುಷ್ಟಿ ದೊರೆಯಿತು; ಪ್ರತಿ ಭಾನುವಾರ ಜನರ ಕಿವಿಗೆ ಬಿದ್ದ ಭಾಷೆಯದು.

ಇಲ್ಲಿಂದ ಮುಂದಿನದು ಅರ್ಥದ ಇತಿಹಾಸ. ಇದು ಎಲ್ಲಕ್ಕಿಂತ ಸ್ವಾರಸ್ಯವಾದುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲ ಹಂತದಲ್ಲಿ ‘ದೆಲ್ ವೀನೊ ಕುಡಿದ’ ಎಂದರೆ, ಎದುರಿಗಿಟ್ಟ ಆ ಹೂಜಿಯ ದ್ರಾಕ್ಷಾರಸದಲ್ಲಿ ಒಂದು ಭಾಗವನ್ನು ಕುಡಿದ ಎಂದಷ್ಟೇ ಅರ್ಥ. ಪೂರ್ಣವು ಗೊತ್ತಿರುವುದು, ತೆಗೆದುಕೊಂಡ ಅಂಶ ಮಾತ್ರ ಎಷ್ಟೆಂದು ಗೊತ್ತಿಲ್ಲ. ಆದುದರಿಂದಲೇ ಈ ಹಂತದಲ್ಲಿ ತಿನ್ನು, ಕುಡಿ, ಕೊಡು, ತೆಗೆದುಕೊ ಎಂಬ, ಪೂರ್ಣದಿಂದ ಅಂಶವನ್ನು ಬೇರ್ಪಡಿಸುವ ಕ್ರಿಯಾಪದಗಳೇ ಇದರ ಸಹಜವಾದ ನೆರೆಹೊರೆ. ಹದಿಮೂರು ಹದಿನಾಲ್ಕನೆಯ ಶತಮಾನಗಳ ಟಸ್ಕನಿಯ ಗದ್ಯದಲ್ಲಿ ಈ ರೂಪ ವಿರಳವಾಗಿ ಕಾಣುತ್ತದೆ. ಕಂಡಲ್ಲಿ ಬಹುಮಟ್ಟಿಗೆ ಈ ಅರ್ಥದ ನೆರಳಿನಲ್ಲಿಯೇ ಇರುತ್ತದೆ. ಅನಿರ್ದಿಷ್ಟ ಪರಿಮಾಣಕ್ಕೆ ಆ ಕಾಲದವರು ಸಾಮಾನ್ಯವಾಗಿ ಬರಿಯ ನಾಮಪದವನ್ನೇ, ನಮ್ಮಂತೆ, ಪ್ರಯೋಗಿಸುತ್ತಿದ್ದರು.

ಎರಡನೆಯ ಹಂತದಲ್ಲಿ ಆ ‘ಪೂರ್ಣ’ವು ಹಿಗ್ಗಿತು. ‘ಆ ದ್ರಾಕ್ಷಾರಸ’ ಎಂದರೆ ಹೂಜಿಯಲ್ಲಿದ್ದುದಲ್ಲ; ದ್ರಾಕ್ಷಾರಸವೆಂದು ಲೋಕದಲ್ಲಿ ಪ್ರಸಿದ್ಧವಾದ ದ್ರವ್ಯಜಾತಿ. ಜಾತಿಯಿಂದ ಅಂಶವನ್ನು ತೆಗೆದುಕೊಂಡಂತೆ ಮಾತಾಯಿತು. ಹೂಜಿಯೊಂದು ಎದುರಿಗೆ ಇರಲೇಬೇಕೆಂಬ ನಿಯಮ ಕಳಚಿತು.

ಮೂರನೆಯ ಹಂತದಲ್ಲಿ ಪೂರ್ಣವೆಂಬುದೇ ಮಾಯವಾಯಿತು. ಇದನ್ನು ತೋರಿಸಲು ಒಂದು ಸುಲಭವಾದ ಪರೀಕ್ಷೆಯಿದೆ. ಇಂದಿನ ಇಟಾಲಿಯನ್ನಿನಲ್ಲಿ ‘ದೆಲ್ಲೆ ಕಾಸೆ ಕಟ್ಟಿಸಿದ’, ‘ದೆಲ್ಲೆ ಲೆತ್ತೆರೆ ಬರೆದ’ ಎನ್ನಬಹುದು; ಎಂದರೆ ಕೆಲವು ಮನೆಗಳನ್ನು ಕಟ್ಟಿಸಿದ, ಕೆಲವು ಪತ್ರಗಳನ್ನು ಬರೆದ. ಕಟ್ಟುವುದಕ್ಕೆ ಮುಂಚೆ ಆ ಮನೆಗಳೇ ಇರಲಿಲ್ಲ, ಬರೆಯುವುದಕ್ಕೆ ಮುಂಚೆ ಆ ಪತ್ರಗಳೂ ಇರಲಿಲ್ಲ. ಇಲ್ಲದ ಮೊತ್ತದಿಂದ ಅಂಶವನ್ನು ಆರಿಸುವುದು ಹೇಗೆ? ಹಾಗೆಯೇ ‘ದೇಯಿ ರಗಾತ್ಸಿ ಬಂದಿದ್ದಾರೆ’ ಎಂದರೆ ಕೆಲವರು ಹುಡುಗರು ಬಂದಿದ್ದಾರೆ. ಯಾವ ಗುಂಪಿನ ಹುಡುಗರೆಂಬ ಪ್ರಶ್ನೆಯೇ ಏಳುವುದಿಲ್ಲ. ಅಲ್ಲದೆ ಇಲ್ಲಿ ಅದು ಕರ್ತೃಪದವಾಗಿ ವಾಕ್ಯದ ಮೊದಲಲ್ಲಿಯೂ ನಿಂತಿದೆ. ‘ಇಂದ’ ಎಂಬ ಅವ್ಯಯವನ್ನು ಹೊತ್ತ ಪದವು ಕರ್ತೃವಾಗುವುದೆಂದರೆ ಅದರ ಅವ್ಯಯತ್ವ ಸತ್ತಿತೆಂದೇ ತಿಳಿಯಬೇಕು. ಹದಿನೈದು, ಹದಿನಾರನೆಯ ಶತಮಾನಗಳಿಂದ ಈಚೆಗೆ ಈ ಪ್ರಯೋಗ ಹೆಚ್ಚುತ್ತ ಬಂದು, ‘ಉನ್’ ಎಂಬ ‘ಒಂದು’ವಾಚಕ ಉಪಪದಕ್ಕೆ ‘ದೇಯಿ’ ಎಂಬುದು ಬಹುವಚನವೆಂಬಂತಾಯಿತು: ‘ಉನ್ ಲಿಬ್ರೊ’ ಒಂದು ಪುಸ್ತಕ, ‘ದೇಯಿ ಲಿಬ್ರಿ’ ಪುಸ್ತಕಗಳು.

‘ಒಂದು’ ಎಂಬುದಕ್ಕೆ ಬಹುವಚನವೇ ಎಂದು ನಗಬೇಕಾಗಿಲ್ಲ. ಸ್ಪ್ಯಾನಿಷ್ ಭಾಷೆ ‘ಒಂದು’ ಶಬ್ದಕ್ಕೇ ಬಹುವಚನ ಪ್ರತ್ಯಯವನ್ನು ಹಚ್ಚಿ ‘ಉನೋಸ್’ ಎಂದು ಹೇಳಿ ಕೆಲಸ ಮುಗಿಸಿತು. ದ್ರವ್ಯವಾಚಕಗಳಿಗೆ ಅದು ಬರಿಯ ನಾಮಪದದಿಂದಲೇ ತೃಪ್ತವಾಗಿದೆ. ಫ್ರೆಂಚ್ ಭಾಷೆಯಾದರೋ ಇಟಾಲಿಯನ್ನಿನ ದಾರಿಯನ್ನೇ ಹಿಡಿದು, ಅದಕ್ಕಿಂತ ಮುಂದೆ ಹೋಯಿತು. ‘ದ್ಯು ಪ್ಯಾಂ’ ಎಂಬುದು ‘ದೆಲ್ ಪಾನೆ’ ಎಂಬುದರ ಒಡಹುಟ್ಟು. ಆದರೆ ಫ್ರೆಂಚರಿಗೆ ಅದು ಕಡ್ಡಾಯ, ಇಟಲಿಯವರಿಗೆ ಐಚ್ಛಿಕ. ೧೬೬೦ರಲ್ಲಿ ಪ್ರಕಟವಾದ ಪೋರ್ ರೊಯಾಲ್ ವ್ಯಾಕರಣದಲ್ಲಿ ಆರ್ನೋ ಮತ್ತು ಲಾನ್ಸ್‌ಲೊ ಎಂಬ ವಿದ್ವಾಂಸರು, ಫ್ರೆಂಚಿನ ‘ಒಂದು’ವಾಚಕ ಉಪಪದಕ್ಕೆ ಬಹುವಚನವಿಲ್ಲವೆಂಬ ರೂಢಿಯ ಮಾತನ್ನು ತಳ್ಳಿಹಾಕಿ, ಬೇರೊಂದು ಶಬ್ದದಿಂದ ಎರವು ತಂದ ‘ದೆ’ ಎಂಬುದೇ ಅದರ ಬಹುವಚನವೆಂದು ವಾದಿಸಿದರು. ಆದರೆ ಪ್ರಾಚೀನ ಫ್ರೆಂಚಿನಲ್ಲಿ ಸಹ ಬರಿಯ ನಾಮಪದವೇ ಹೆಚ್ಚಾಗಿತ್ತು ಎಂಬುದನ್ನು ಮರೆಯಬಾರದು. ಅಲ್ಲಿಯೂ ಇದು ಶತಮಾನಗಳ ಬೆಳೆ.

ಇಟಾಲಿಯನ್ನಿನ ಐಚ್ಛಿಕತೆಯಲ್ಲಿ ಒಂದು ಸೂಕ್ಷ್ಮವಿದೆ. ‘ಬೇವೊ ವೀನೊ’ ಎಂದರೆ ನಾನು ದ್ರಾಕ್ಷಾರಸ ಕುಡಿಯುವವನು, ಅದು ನನ್ನ ಪಾನೀಯ. ‘ಬೇವೊ ದೆಲ್ ವೀನೊ’ ಎಂದರೆ ಒಂದಷ್ಟು ದ್ರಾಕ್ಷಾರಸ ಕುಡಿಯುತ್ತೇನೆ. ನಿಷೇಧದಲ್ಲಿ ಈ ಉಪಪದ ಸಾಮಾನ್ಯವಾಗಿ ಬೀಳುತ್ತದೆ: ‘ನೊನ್ ಓ ಪಾನೆ’, ನನ್ನಲ್ಲಿ ರೊಟ್ಟಿಯಿಲ್ಲ. ಇಲ್ಲದುದಕ್ಕೆ ಅಂಶವೆಲ್ಲಿಯದು? ಇನ್ನು ಬೇರೊಂದು ಕಾರಣದಿಂದ ‘ದಿ’ ಬರಬೇಕಾದಲ್ಲಿ ಎರಡು ‘ದಿ’ಗಳು ಒಟ್ಟಿಗೆ ನಿಲ್ಲಲಾರವು. ‘ರೊಟ್ಟಿಯ ಅವಶ್ಯಕತೆ’ ಎನ್ನಲು ‘ಬಿಜೋನ್ಯೊ ದಿ ಪಾನೆ’ ಎಂದೇ ಹೇಳಬೇಕು. ಅಂಶಾರ್ಥಕವು ಅಲ್ಲಿ ಷಷ್ಠಿಯಲ್ಲಿ ಕರಗಿಹೋಗುತ್ತದೆ. ಸತ್ತ ಅವ್ಯಯವೆಂದು ಮೇಲೆ ಹೇಳಿದೆನಷ್ಟೆ. ಅದರ ಪ್ರೇತ ಮಾತ್ರ ಇಲ್ಲಿ ಇನ್ನೂ ಸುಳಿದಾಡುತ್ತಿದೆ.

ಅನಿರ್ದಿಷ್ಟ ಪರಿಮಾಣವನ್ನು ಹೇಳಲು ಆ ಭಾಷೆಯಲ್ಲಿ ಬೇರೆ ಪದಗಳಿಲ್ಲವೆಂದಲ್ಲ. ‘ಅಲ್ಕೂನಿ’ ಎಂಬುದು ಎಣಿಸುವ ವಸ್ತುಗಳಿಗೆ ‘ಕೆಲವು’. ‘ಉನ್ ಪೊ’ ಎಂಬುದು ‘ಪೋಕೊ’ ಶಬ್ದದ ತುಂಡು, ನಮ್ಮ ‘ಕೊಂಚ’. ‘ನೆ’ ಎಂಬ ಪುಟ್ಟ ಸರ್ವನಾಮವು ಲ್ಯಾಟಿನ್ನಿನ ‘ಇಂದೆ’, ಎಂದರೆ ‘ಅಲ್ಲಿಂದ’, ಎಂಬುದರ ಸಂತಾನ. ಎಷ್ಟು ಪುಸ್ತಕಗಳಿವೆಯೆಂದು ಕೇಳಿದರೆ ‘ನೆ ಓ ತ್ರೆ’, ಅವುಗಳಲ್ಲಿ ಮೂರು ನನ್ನಲ್ಲಿವೆ, ಎನ್ನಬೇಕು. ಬರಿಯ ‘ಮೂರಿವೆ’ ಎಂದರೆ ಅವರ ಕಿವಿಗೆ ಒಗ್ಗದು. ಎಲ್ಲಕ್ಕಿಂತ ವಿಚಿತ್ರವಾದುದು ‘ಕ್ವಾಲ್ಕೆ’. ‘ಯಾವುದೇ ಆಗಿರಲಿ’ ಎಂಬರ್ಥದ ‘ಕ್ವಾಲೆ ಕೆ ಸೀಯ’ ಎಂಬ ವಾಕ್ಯಖಂಡದ ಬಾಲ ಉದುರಿ ಇದು ಹುಟ್ಟಿತು. ಹುಟ್ಟು ಏಕವಚನದಲ್ಲಾದ್ದರಿಂದ ಇಂದಿಗೂ ಏಕವಚನವನ್ನೇ ಬೇಡುತ್ತದೆ: ‘ಕ್ವಾಲ್ಕೆ ಅಮೀಕೊ’ ಎಂದರೆ ಅಕ್ಷರಶಃ ‘ಯಾವನೋ ಗೆಳೆಯ’, ಅರ್ಥದಲ್ಲಿ ‘ಕೆಲವರು ಗೆಳೆಯರು’. ಪರದೇಶದ ವಿದ್ಯಾರ್ಥಿಗಳು ಇಲ್ಲಿ ಎಡವದೆ ಹೋಗುವುದು ಅಪೂರ್ವ. ಸಂಖ್ಯೆಗಳನ್ನೇ ಸಡಿಲವಾಗಿ ಬಳಸುವ ಚಾಳಿಯೂ ಅವರಿಗೆ ಉಂಟು. ನಾವು ‘ನಾಲ್ಕು ಮಾತು’ ಆಡುವಂತೆ ಅವರೂ ನಾಲ್ಕು ಹರಟೆ ಹೊಡೆಯುತ್ತಾರೆ. ಎರಡು ಹೆಜ್ಜೆ ನಡೆದು ಬರುತ್ತಾರೆ. ಸಭೆಗೆ ಜನ ಬಾರದಿದ್ದರೆ ‘ನಾಲ್ಕು ಬೆಕ್ಕುಗಳು’ ಬಂದಿದ್ದುವೆಂದು ಹೇಳುತ್ತಾರೆ.

ಇನ್ನು ಆಪಾದನೆಯ ವಿಷಯ. ೧೫೨೫ರಲ್ಲಿ ವೆನಿಸ್ ನಗರದಲ್ಲಿ ಪ್ರಕಟವಾದ ಪಿಯೆತ್ರೊ ಬೆಂಬೊನ ಗ್ರಂಥವು ಪದ್ಯಕ್ಕೆ ಪೆತ್ರಾರ್ಕನನ್ನೂ ಗದ್ಯಕ್ಕೆ ಬೊಕ್ಕಾಚ್ಚಿಯೊನನ್ನೂ ಮಾದರಿಯಾಗಿ ನಿಲ್ಲಿಸಿತು. ಇಬ್ಬರೂ ಹದಿನಾಲ್ಕನೆಯ ಶತಮಾನದವರು. ೧೫೮೩ರಲ್ಲಿ ಫ್ಲಾರೆನ್ಸಿನಲ್ಲಿ ಸ್ಥಾಪಿತವಾದ ಕ್ರೂಸ್ಕಾ ಪರಿಷತ್ತು ೧೬೧೨ರಲ್ಲಿ ಹೊರಡಿಸಿದ ನಿಘಂಟು ಈ ದೃಷ್ಟಿಯನ್ನು ಮತ್ತಷ್ಟು ಬಲಪಡಿಸಿತು. ಹೀಗೆ ಶಿಷ್ಟಭಾಷೆಯ ಅಳತೆಗೋಲು ಸುಮಾರು ಇನ್ನೂರು ವರ್ಷ ಹಿಂದಿನ ಕಾಲಕ್ಕೆ ನೆಟ್ಟುಕೊಂಡಿತು. ನಮ್ಮ ಪ್ರಯೋಗವು ಮೊಳಕೆಯಲ್ಲಿದ್ದ ಕಾಲವೇ ಅದು! ಆಮೇಲೆ ಬೆಳೆದುದೆಲ್ಲ ಆ ಅಳತೆಗೋಲಿಗೆ ಹೆಚ್ಚುವರಿಯಾಗಿ, ಎಲ್ಲಿಂದಲೋ ಬಂದುದಾಗಿ ಕಾಣುವುದು ಸ್ವಾಭಾವಿಕ.

ಎಲ್ಲಿಂದ ಎಂಬುದಕ್ಕೆ ಉತ್ತರವನ್ನು ರಾಜಕೀಯವು ಒದಗಿಸಿತು. ೧೭೯೬ರಲ್ಲಿ ನೆಪೋಲಿಯನ್ನನ ಸೇನೆ ಆಲ್ಪ್ಸ್ ಪರ್ವತವನ್ನು ಬಳಸಿ ಇಟಲಿಗೆ ಇಳಿಯಿತು. ೧೮೦೮ರಲ್ಲಿ ಟಸ್ಕನಿಯೇ, ಎಂದರೆ ಶಿಷ್ಟಭಾಷೆಯ ತವರೇ, ಫ್ರೆಂಚ್ ಸಾಮ್ರಾಜ್ಯದಲ್ಲಿ ಲೀನವಾಯಿತು. ಅಲ್ಲಿಯ ಆಡಳಿತದಲ್ಲಿ ಫ್ರೆಂಚಿನ ಜೊತೆಗೆ ಇಟಾಲಿಯನ್ನನ್ನೂ ಬಳಸಬಹುದೆಂದು ೧೮೦೯ರಲ್ಲಿ ಚಕ್ರವರ್ತಿಯಿಂದ ಅಪ್ಪಣೆ ಪಡೆಯಬೇಕಾದ ದುಃಸ್ಥಿತಿ ಒದಗಿತು. ತಮ್ಮ ಮನೆಯಲ್ಲಿ ತಮ್ಮ ನುಡಿಯನ್ನಾಡಲು ಅನುಜ್ಞೆ ಬೇಕಾದ ಜನರಿಗೆ ಭಾಷೆಯ ಶುದ್ಧಿಯೇ ಸ್ವಾತಂತ್ರ್ಯದ ಉಳಿದ ಒಂದೇ ಕೋಟೆಯಾಗಿ ಕಂಡರೆ ಆಶ್ಚರ್ಯವಿಲ್ಲ. ವೆರೋನಾದ ಆಂತೋನಿಯೊ ಚೇಸರಿ (೧೭೬೦-೧೮೨೮), ನೇಪಲ್ಸಿನ ಬಸೀಲಿಯೊ ಪುವೋತಿ (೧೭೮೨-೧೮೪೭) ಮೊದಲಾದವರು ಹದಿನಾಲ್ಕನೆಯ ಶತಮಾನದ ನುಡಿಗೆ ಮರಳಬೇಕೆಂದು ಸಾರಿದರು. ಈ ಗಾಳಿಯಲ್ಲಿ ಬೆಳೆದ ಶುದ್ಧಿವಾದಿಗಳ ಕಣ್ಣಿಗೆ ‘ದೇಯಿ’, ‘ದೆಲ್ಲೆ’ಗಳು ಫ್ರೆಂಚ್ ಮಾಲಾಗಿ ಬಿದ್ದವು. ಅದರಲ್ಲಿಯೂ ‘ಕೊನ್ ದೇಲ್ಯಿ ಅಮೀಚಿ’, ಕೆಲವರು ಗೆಳೆಯರೊಡನೆ, ಎಂಬಂತೆ ಇನ್ನೊಂದು ಅವ್ಯಯದ ಬೆನ್ನಿಗೆ ಬಂದ ಪ್ರಯೋಗವಂತೂ ಅವರಿಗೆ ಸಹಿಸಲಾರದ್ದಾಯಿತು. ಶಾಲೆಯ ವ್ಯಾಕರಣಗಳು ಈ ಎಚ್ಚರಿಕೆಯನ್ನು ಇಪ್ಪತ್ತನೆಯ ಶತಮಾನದಲ್ಲಿಯೂ ಪುನರುಚ್ಚರಿಸುತ್ತ ಬಂದವು.

ಅವರ ಸಂಕಟ ನಿಜವಾದುದು. ಅವರು ಹಿಡಿದ ಅಪರಾಧಿ ಮಾತ್ರ ನಿರಪರಾಧಿ. ಇದಕ್ಕೆ ಬಲವಾದ ಸಾಕ್ಷ್ಯ ದೊರೆತುದು ಗ್ರಂಥಾಲಯದಲ್ಲಲ್ಲ, ಹಳ್ಳಿಗಳಲ್ಲಿ. ಕಾರ್ಲ್ ಯಾಬೆರ್ಗ್ ಮತ್ತು ಯಾಕೋಬ್ ಯೂಡ್ ಎಂಬ ಸ್ವಿಸ್ ವಿದ್ವಾಂಸರು ೧೯೨೮ರಿಂದ ೧೯೪೦ರವರೆಗೆ ಎಂಟು ಸಂಪುಟಗಳಲ್ಲಿ ಇಟಲಿ ಮತ್ತು ದಕ್ಷಿಣ ಸ್ವಿಟ್ಜರ್ಲೆಂಡಿನ ಭಾಷಾ ನಕಾಶೆಗಳನ್ನು ಪ್ರಕಟಿಸಿದರು. ಅದಕ್ಕಾಗಿ ಶೋಯ್ರ್ಮೈಯರ್, ರೋಲ್ಫ್ಸ್, ವಾಗ್ನರ್ ಎಂಬ ಮೂವರು ನಾನೂರಕ್ಕೂ ಮಿಕ್ಕ ಊರುಗಳನ್ನು ಸುತ್ತಿ, ಪ್ರಶ್ನಾವಳಿಗೆ ಅಲ್ಲಿಯ ಜನರ ಬಾಯಿಂದ ಉತ್ತರಗಳನ್ನು ಬರೆದುಕೊಂಡರು. ನೆಲಮನೆಗೆ ಹೋಗಿ ದ್ರಾಕ್ಷಾರಸ ತರುವುದನ್ನು ನಿಮ್ಮ ಮಾತಿನಲ್ಲಿ ಹೇಗೆ ಹೇಳುತ್ತೀರಿ ಎಂಬುದು ಅವುಗಳಲ್ಲೊಂದು. ಈ ಒಂದು ವಾಕ್ಯದಲ್ಲಿ ಇಡೀ ದೇಶವು ಪಟ್ಟೆ ಪಟ್ಟೆಯಾಗಿ ಬೇರ್ಪಡುತ್ತದೆ. ಪೋ ನದಿಯ ಬಯಲಿನ ಎಮಿಲಿಯ, ಲೊಂಬಾರ್ದಿಯ ಮೊದಲಾದ ಕಡೆ ‘ದೆಲ್’ ಎಂಬುದರ ಸ್ಥಳೀಯ ರೂಪಗಳು ಹೇರಳ. ವಾಯವ್ಯದ ಪಿಯೆಮೊಂತೆಯಲ್ಲಿ ಉಪಪದವಿಲ್ಲದ ಬರಿಯ ‘ದಿ’ಯ ರೂಪ ಕಾಣುತ್ತದೆ. ಮಧ್ಯ ಇಟಲಿಯ ಹಲವೆಡೆ ಬರಿಯ ‘ಇಲ್’ ಮಾತ್ರ. ‘ಆ ದ್ರಾಕ್ಷಾರಸ’ವೆಂದು ಹೇಳಿ ‘ಒಂದಷ್ಟು’ ಎಂದು ತಿಳಿಯುತ್ತಾರೆ. ದಕ್ಷಿಣಕ್ಕಿಳಿದಂತೆ ಬರಿಯ ನಾಮಪದವೇ. ಇಡೀ ರೂಪ, ಅದರ ಮೊದಲರ್ಧ, ಅದರ ಉತ್ತರಾರ್ಧ, ಮತ್ತು ಶೂನ್ಯ: ಊಹಿಸಬಹುದಾದ ನಾಲ್ಕು ಬಗೆಗಳೂ ಒಂದೇ ದೇಶದಲ್ಲಿ ಜೀವಂತವಾಗಿರುವುದನ್ನು ನಕಾಶೆ ತೋರಿಸಿಕೊಟ್ಟಿತು.

ಪೋ ಬಯಲಿನ ಒಕ್ಕಲಿಗನು ಪ್ಯಾರಿಸ್ಸಿನ ಸಲ್ಲಾಪಮಂದಿರಗಳಿಂದ ತನ್ನ ವ್ಯಾಕರಣವನ್ನು ಕಲಿತನೆಂದು ವಾದಿಸುವುದು ಸಾಧ್ಯವಿಲ್ಲ. ಫ್ರಾನ್ಸಿಗೆ ಸಮೀಪದ ಪ್ರಾಂತಗಳಲ್ಲಿಯೇ ಈ ಪ್ರಯೋಗ ದಟ್ಟವಾಗಿದೆಯಲ್ಲವೇ ಎಂದು ಆಕ್ಷೇಪಿಸಬಹುದು. ದಟ್ಟವಾಗಿದೆ ನಿಜ, ಆದರೆ ಅದು ಒಂದೇ ಲ್ಯಾಟಿನ್ ನೆಲದ ಮೇಲೆ ಆಲ್ಪ್ಸಿನ ಎರಡು ಮಗ್ಗುಲಲ್ಲಿಯೂ ಹಬ್ಬಿದ ಬಳ್ಳಿಯೇ ಹೊರತು ಹದಿನೆಂಟನೆಯ ಶತಮಾನದ ಫ್ಯಾಷನ್ ಅಲ್ಲ. ಫ್ರೆಂಚ್ ಗ್ರಂಥಗಳ ಅನುವಾದಗಳಿಂದ ಬರಹದ ಭಾಷೆಯಲ್ಲಿ ಅದರ ಸಂಖ್ಯೆ ಹೆಚ್ಚಿರಬಹುದೆಂದು ಒಪ್ಪಬಹುದು. ಹೆಚ್ಚುವುದು ಬೇರೆ, ಹುಟ್ಟುವುದು ಬೇರೆ. ೧೮೬೧ರಲ್ಲಿ ಇಟಲಿ ಒಂದು ರಾಜ್ಯವಾದಾಗ ಶಿಷ್ಟ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಮಾತ್ರ ಎಂದು ತುಲ್ಲಿಯೊ ದೆ ಮೌರೊ ೧೯೬೩ರಲ್ಲಿ ಗಣಿಸಿದ. ಸುಮಾರು ಹತ್ತು ಎಂದು ಅರ್ರಿಗೊ ಕಸ್ತೆಲ್ಲಾನಿ ಆಮೇಲೆ ತಿದ್ದಿದ. ಯಾವುದನ್ನು ಒಪ್ಪಿದರೂ, ಮಿಕ್ಕ ನೂರಕ್ಕೆ ತೊಂಬತ್ತು ಮಂದಿಯ ಮನೆಮಾತುಗಳು ಶುದ್ಧಿವಾದಿಗಳ ಸಾಕ್ಷಿಪಟ್ಟಿಯಲ್ಲಿ ಇರಲೇ ಇಲ್ಲ.

ಅವರು ಸೂಚಿಸಿದ ಚಿಕಿತ್ಸೆಯನ್ನೂ ನೋಡಬೇಕು. ‘ದೇಯಿ’ ಎಂಬುದನ್ನು ಬಿಟ್ಟು ‘ಅಲ್ಕೂನಿ’ ಎನ್ನಿ, ‘ಕ್ವಾಲ್ಕೆ’ ಎನ್ನಿ, ಅಥವಾ ಏನನ್ನೂ ಹಾಕದಿರಿ ಎಂಬುದು ಉಪದೇಶ. ಆದರೆ ‘ಅಲ್ಕೂನಿ’ ಎಂದರೆ ಎಣಿಕೆಗೆ ಸಿಕ್ಕುವ ಕೆಲವೇ ಎಂದಾಯಿತು. ‘ಕ್ವಾಲ್ಕೆ’ ಎಂದರೆ ಒಂದೋ ಎರಡೋ ಮೂರೋ ಎಂದಾಯಿತು. ನೀರಿಗೆ ಇವೆರಡೂ ಹೊಂದವು. ‘ಉನ್ ಪೊ’ ಹಾಕಿದರೆ ನೀರು ಕೊಂಚವೆಂದು ಅಳೆದಂತೆಯೇ ಆಯಿತು. ಬರಿಯ ನಾಮಪದವು ದ್ರವ್ಯಜಾತಿಯ ಕಡೆಗೆ ಮುಖ ತಿರುಗಿಸುತ್ತದೆ. ಹೆಚ್ಚೂ ಎನ್ನದೆ ಕಡಿಮೆಯೂ ಎನ್ನದೆ, ಇದೆ ಎಂದಷ್ಟೇ ಹೇಳಿ ಅಳತೆಯನ್ನು ಕೇಳುವವನಿಗೆ ಬಿಡುವ ಶಬ್ದ ಆ ಭಾಷೆಯಲ್ಲಿ ‘ದೆಲ್’ ಒಂದೇ. ನೆಲಮನೆಗೆ ಮಗನನ್ನು ಕಳುಹಿಸುವ ಎಮಿಲಿಯದ ತಾಯಿ ‘ದೆಲ್ ವೀನೊ’ ತಾ ಎನ್ನುತ್ತಾಳೆ. ಊಟಕ್ಕೆ ಎಷ್ಟು ಮಂದಿ ಕುಳಿತಿದ್ದಾರೆಂದು ಅವನು ನೋಡಿಕೊಂಡೇ ಹೋಗಿರುತ್ತಾನೆ.